ಫಿಟ್ಸಿಗೆ ಸಿಬಿಡಿ ಎಣ್ಣೆ: ರೋಗನಿರೋಧಕ ಕೋಶಗಳ ಮೇಲೆ ಅದು ಮಾಡುವುದೇನು?

ಫಿಟ್ಸ್ ಇರುವ ಮಕ್ಕಳ ತಂದೆ-ತಾಯಿಯ ಮೊಬೈಲಿಗೆ ಈಗ ಸಿಬಿಡಿ ಎಣ್ಣೆಯ ಜಾಹೀರಾತು ಬರುತ್ತಲೇ ಇರುತ್ತದೆ. ಕಲಬುರಗಿಯಲ್ಲೂ ಇದೇ ಮಾತು, ಔರಾದ್‌ನಲ್ಲೂ ಇದೇ, ಸುರಪುರದಲ್ಲೂ ಇದೇ. ಗಾಂಜಾ ಗಿಡದಿಂದ ತೆಗೆದದ್ದು, ಆದರೆ ನಶೆ ಏರುವುದಿಲ್ಲ. ದಿನಾ ಮೂರು ಹನಿ ನಾಲಿಗೆ ಕೆಳಗೆ ಹಾಕಿದರೆ ಮೂರ್ಛೆ ನಿಲ್ಲುತ್ತದೆ. ಜೊತೆಗೆ ರೋಗನಿರೋಧಕ ಶಕ್ತಿಯೂ ಹೆಚ್ಚುತ್ತದೆ.

ಇದರಲ್ಲಿ ಮೊದಲನೆಯ ಮಾತು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ಹೆಚ್ಚುಕಡಿಮೆ ಉಲ್ಟಾ. ಲ್ಯಾಬುಗಳಲ್ಲಿ ಇಷ್ಟು ವರ್ಷ ಕಂಡ ಪ್ರಕಾರ ಸಿಬಿಡಿ ನಮ್ಮ ರೋಗನಿರೋಧಕ ಕೋಶಗಳನ್ನು ಚುರುಕು ಮಾಡುವುದಕ್ಕಿಂತ ತಣ್ಣಗೆ ಮಾಡುವುದೇ ಜಾಸ್ತಿ. ಹಾಗಂತ ಅದು ಕೆಟ್ಟದ್ದೇ ಅಂತಲ್ಲ. ಕೆಲವು ಫಿಟ್ಸುಗಳಲ್ಲಿ ಆ ಕೋಶಗಳು ತಣ್ಣಗಾಗುವುದೇ ಬೇಕು. ಇನ್ನು ಕೆಲವು ಕಡೆ ಅದರಿಂದ ತೊಂದರೆಯಾದೀತು. ಯಾವುದು ಎಲ್ಲಿ ಅನ್ನುವುದು ಮಗುವಿಗೆ ಫಿಟ್ಸ್ ಯಾಕೆ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ಕೇಳದೆ ಬಾಟಲಿ ತರಿಸಬಾರದು ಎಂಬುದು ನನ್ನ ವಾದ.

ಮೊದಲು ಸಾಬೀತಾದ ಸಂಗತಿ ನೋಡೋಣ. ಸಿಬಿಡಿ ಅಂದರೆ ಕ್ಯಾನಬಿಡಿಯಾಲ್. ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ಇಂಥ ರಾಸಾಯನಿಕಗಳಿವೆ. ನಶೆ ಕೊಡುವುದು ಟಿಎಚ್‌ಸಿ, ಸಿಬಿಡಿ ಅಲ್ಲ. ಡ್ರಾವೆಟ್ ಸಿಂಡ್ರೋಮ್ ಅಂತ ಒಂದು ಅಪರೂಪದ ಕಾಯಿಲೆ ಇದೆ. ಹುಟ್ಟಿ ವರ್ಷ ತುಂಬುವ ಮೊದಲೇ ಫಿಟ್ಸ್ ಶುರುವಾಗುತ್ತವೆ, ಯಾವ ಗುಳಿಗೆಗೂ ಸರಿಯಾಗಿ ಬಗ್ಗುವುದಿಲ್ಲ. ಈ ಕಾಯಿಲೆಯ 120 ಮಕ್ಕಳು ಮತ್ತು ಹರೆಯದವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂತು. ಸಿಬಿಡಿ ಕುಡಿದವರಲ್ಲಿ ತಿಂಗಳ ಫಿಟ್ಸುಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು. ಬರೀ ಹುಸಿ ಔಷಧಿ ಕುಡಿದವರಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಲೆನಾಕ್ಸ್-ಗ್ಯಾಸ್ಟೋ ಎಂಬ ಇನ್ನೊಂದು ಹಟಮಾರಿ ಕಾಯಿಲೆಯಲ್ಲೂ ಪ್ರಯೋಜನ ಕಂಡಿತು. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಮೂರನೆಯ ಕಾಯಿಲೆಯೂ ಪಟ್ಟಿಗೆ ಸೇರಿತು.

ದಿನಕ್ಕೆ ಹತ್ತಾರು ಸಲ ಕುಸಿದು ಬೀಳುವ ಮಗುವನ್ನು ಸಾಕುತ್ತಿರುವ ಮನೆಗೆ ಫಿಟ್ಸ್ ಅರ್ಧಕ್ಕೆ ಇಳಿಯುವುದು ಸಣ್ಣ ಮಾತಲ್ಲ. ಆ ಆಸೆಯನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಗಟ್ಟಿ ಪುರಾವೆ ಇರುವುದು ಈ ಮೂರು ಕಾಯಿಲೆಗಳಿಗೆ. ಅದೂ ಬೇರೆ ಗುಳಿಗೆಗಳ ಜೊತೆಗೆ ಕೊಟ್ಟಾಗ.

ಈಗ ರೋಗನಿರೋಧಕ ಕೋಶಗಳ ವಿಷಯ. ಫಿಟ್ಸಿಗೂ ಇವಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಮೆದುಳಿನೊಳಗೆ ಮೈಕ್ರೋಗ್ಲಿಯಾ ಅನ್ನುವ ರೋಗನಿರೋಧಕ ಕೋಶಗಳಿವೆ. ಇವು ಊರ ತಳವಾರ ಇದ್ದ ಹಾಗೆ. ಸುಮ್ನೆ ಸುತ್ತು ಹಾಕುತ್ತಿರುತ್ತವೆ, ಏನಾದರೂ ಎಡವಟ್ಟು ಕಂಡರೆ ಕೂಗು ಹಾಕುತ್ತವೆ. ಆ ಕೂಗು ಅಂದರೆ ಕೆಲವು ರಾಸಾಯನಿಕಗಳು: ಐಎಲ್-1 ಬೀಟಾ, ಟಿಎನ್‌ಎಫ್, ಐಎಲ್-6. ಮೆದುಳಿಗೆ ಪೆಟ್ಟಾದಾಗ, ಸೋಂಕು ತಗುಲಿದಾಗ ಇವು ಏರುತ್ತವೆ. ಫಿಟ್ಸ್ ಬಂದುಹೋದ ಮೇಲೂ ಏರುತ್ತವೆ.

ಇಟಲಿಯ ಮಿಲಾನ್‌ನ ಮಾರಿಯೋ ನೇಗ್ರಿ ಸಂಸ್ಥೆಯಲ್ಲಿ ಅನ್ನಮರಿಯಾ ವೆಝಾನಿ ಮತ್ತು ಅವರ ತಂಡ ವರ್ಷಗಟ್ಟಲೆ ಇದರ ಬೆನ್ನು ಹತ್ತಿತು. ಐಎಲ್-1 ಬೀಟಾ ನರಕೋಶದ ಮೇಲಿನ ಎನ್‌ಎಂಡಿಎ ಎಂಬ ಗ್ರಾಹಕವನ್ನು (ಅಂದರೆ ಕೋಶದ ಮೇಲೆ ಸಂದೇಶ ಹಿಡಿಯುವ ಜಾಗ, ರಿಸೆಪ್ಟರ್) ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಆಗ ಕೋಶದೊಳಗೆ ಕ್ಯಾಲ್ಸಿಯಂ ಜಾಸ್ತಿ ನುಗ್ಗುತ್ತದೆ. ನರ ಬೇಗ ಕೆರಳುತ್ತದೆ. ಅಂದರೆ ಫಿಟ್ಸ್ ಬಂದರೆ ಉರಿಯೂತ, ಉರಿಯೂತ ಇದ್ದರೆ ಮತ್ತೆ ಫಿಟ್ಸ್. ಈ ಸುತ್ತು ಒಮ್ಮೆ ಶುರುವಾದರೆ ತಾನೇ ತಾನಾಗಿ ನಡೆಯುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ಲೀಗ್ ಫಿಟ್ಸಿನ ಕಾರಣಗಳನ್ನು ಆರು ಗುಂಪು ಮಾಡಿದಾಗ ಅದರಲ್ಲಿ ಒಂದನ್ನು ರೋಗನಿರೋಧಕ ವ್ಯವಸ್ಥೆಗೇ ಮೀಸಲಿಟ್ಟಿತು.

ವೈದ್ಯರಿಗೆ ಇದು ಬರೀ ಪುಸ್ತಕದ ಮಾತಲ್ಲ. ಹಸುಗೂಸುಗಳಿಗೆ ಬರುವ ಇನ್‌ಫಂಟೈಲ್ ಸ್ಪಾಸಂ ಎಂಬ ಫಿಟ್ಸಿಗೆ ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್ ಅಥವಾ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಕೊಡುತ್ತಾರೆ. ಜ್ವರ ಬಂದು ಹೋದ ಮೇಲೆ ಎಡೆಬಿಡದೆ ಫಿಟ್ಸ್ ಹಿಡಿಯುವ ಒಂದು ಭೀಕರ ಸ್ಥಿತಿಯಲ್ಲಿ ಐಎಲ್-1 ಅನ್ನೇ ತಡೆಯುವ ಅನಾಕಿನ್ರಾ ಎಂಬ ಸಂಧಿವಾತದ ಔಷಧಿಯನ್ನೂ ಬಳಸಿದ್ದಾರೆ.

ಹಾಗಾದರೆ ಸಿಬಿಡಿ ಎಲ್ಲಿ ಬರುತ್ತದೆ? ಅದು ಒಂದೇ ಬಾಗಿಲಿನಿಂದ ಒಳಗೆ ಹೋಗುವ ಔಷಧಿ ಅಲ್ಲ. ಗಾಂಜಾದ ಟಿಎಚ್‌ಸಿ ಹಿಡಿದುಕೊಳ್ಳುವ ಸಿಬಿ-1 ಗ್ರಾಹಕಕ್ಕೆ ಇದು ಸರಿಯಾಗಿ ಅಂಟುವುದೇ ಇಲ್ಲ. ಅದಕ್ಕೇ ನಶೆ ಇಲ್ಲ. ಇದು ಕೆಲಸ ಮಾಡುವ ಜಾಗಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಒಂದು ಜಿಪಿಆರ್-55 ಎಂಬ ಗ್ರಾಹಕ. ನರಗಳ ಮಧ್ಯೆ ಕೆರಳಿಸುವ ಸಂದೇಶವನ್ನು ಇದು ಹೆಚ್ಚಿಸುತ್ತದೆ, ಸಿಬಿಡಿ ಇದನ್ನು ಅಡ್ಡಗಟ್ಟುತ್ತದೆ. ಇನ್ನೊಂದು ಅಡಿನೋಸಿನ್. ಇದು ನರಗಳನ್ನು ಶಾಂತ ಮಾಡುವ, ಮೆದುಳು ತಾನೇ ತಯಾರಿಸುವ ವಸ್ತು. ಕೋಶಗಳು ಅದನ್ನು ಬೇಗ ಒಳಗೆ ಎಳೆದುಕೊಳ್ಳುತ್ತವೆ. ಸಿಬಿಡಿ ಆ ಎಳೆತವನ್ನು ತಡೆಯುತ್ತದೆ, ಅಡಿನೋಸಿನ್ ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ.

ಈ ಎರಡೂ ನರಕೋಶಕ್ಕೆ ಮಾತ್ರ ಸೇರಿದ ವಿಷಯವಲ್ಲ. ಜಿಪಿಆರ್-55 ರೋಗನಿರೋಧಕ ಕೋಶಗಳ ಮೇಲೂ ಇದೆ. ಅಡಿನೋಸಿನ್ ಆ ಕೋಶಗಳ ಎ2ಎ ಗ್ರಾಹಕವನ್ನು ಮುಟ್ಟಿದರೆ ಅವು ಸುಮ್ಮನಾಗುತ್ತವೆ. ಸಿಬಿಡಿ ಉರಿಯೂತ ತಗ್ಗಿಸುವ ದಾರಿಗಳಲ್ಲಿ ಇದೂ ಒಂದು ಎಂದು 2006ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ಫಿಟ್ಸ್ ತಗ್ಗಿಸುವ ದಾರಿಯೂ ರೋಗನಿರೋಧಕ ಕೋಶಗಳನ್ನು ತಣ್ಣಗೆ ಮಾಡುವ ದಾರಿಯೂ ಒಂದು ಕಡೆ ಕೂಡುತ್ತವೆ ಅಂದ ಹಾಗಾಯಿತು. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳೂ ಇದನ್ನೇ ಹೇಳುತ್ತವೆ. 2000ನೇ ಇಸವಿಯಲ್ಲಿ ಸಂಧಿವಾತ ಬರಿಸಿದ ಇಲಿಗಳಿಗೆ ಸಿಬಿಡಿ ಕೊಟ್ಟಾಗ ಕೀಲು ಹಾಳಾಗುವುದು ತಗ್ಗಿತು. 2011ರಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ (ರೋಗನಿರೋಧಕ ಕೋಶಗಳೇ ನರಗಳ ಹೊದಿಕೆಯನ್ನು ಹಾಳು ಮಾಡುವ ಕಾಯಿಲೆ) ಹೋಲುವ ಕಾಯಿಲೆ ಬರಿಸಿದ ಇಲಿಗಳಲ್ಲಿ ಬೆನ್ನುಹುರಿಯ ಮೈಕ್ರೋಗ್ಲಿಯಾ ಶಾಂತವಾದವು, ಟಿ-ಕೋಶಗಳು ಅಷ್ಟಾಗಿ ಹೆಚ್ಚಲಿಲ್ಲ. ಟಿ-ಕೋಶ ಅಂದರೆ ಬಿಳಿ ರಕ್ತಕಣಗಳಲ್ಲೇ ಒಂದು ಬಗೆ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುವುದು, ಟಿಬಿ ಕ್ರಿಮಿಯನ್ನು ಅದುಮಿ ಇಡುವುದು ಇವುಗಳ ಕೆಲಸ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸರಿಯೂ ಹೌದು. ಲ್ಯಾಬಿನ ತಟ್ಟೆಯಲ್ಲಿ ಕೋಶಗಳ ಮೇಲೆ ಸುರಿಯುವ ಸಿಬಿಡಿ ಎಷ್ಟೋ ಸಲ ರೋಗಿಯ ರಕ್ತದಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ತಟ್ಟೆಯಲ್ಲಿ ಕಂಡದ್ದು ಮೈಯಲ್ಲೂ ನಡೆಯುತ್ತದೆ ಅಂತ ಹೇಳಲಾಗದು. ಆದರೆ 2017ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ ಈ ಲೆಕ್ಕವನ್ನು ಸ್ವಲ್ಪ ಬದಲಿಸಿತು. ಎಣ್ಣೆಯ ಜೊತೆ ಸಿಬಿಡಿ ಕುಡಿಸಿದಾಗ ಅದು ಕೊಬ್ಬಿನ ಬೆನ್ನೇರಿ ಕರುಳಿನ ದುಗ್ಧರಸ (ಲಿಂಫ್) ನಾಳಗಳಿಗೆ ಹೋಗುತ್ತದೆ. ಇಲಿಗಳಲ್ಲಿ ಅಲ್ಲಿ ಸಿಕ್ಕ ಪ್ರಮಾಣ ರಕ್ತದಲ್ಲಿದ್ದದ್ದಕ್ಕಿಂತ 250 ಪಟ್ಟು ಹೆಚ್ಚು. ಕರುಳಿನ ಸುತ್ತಲಿನ ದುಗ್ಧ ಗ್ರಂಥಿಗಳಲ್ಲಿ ರೋಗನಿರೋಧಕ ಕೋಶಗಳು ಕಿಕ್ಕಿರಿದು ಇರುತ್ತವೆ. ಅಂದರೆ ರಕ್ತ ಪರೀಕ್ಷೆಯಲ್ಲಿ ಕಡಿಮೆ ಕಂಡರೂ ಆ ಕೋಶಗಳಿಗೆ ದಂಡಿಯಾಗಿ ತಲುಪುವ ದಾರಿ ಇದೆ.

ಮನುಷ್ಯರಲ್ಲಿ ಊಟದ ಪರಿಣಾಮ ಚೆನ್ನಾಗಿ ಗೊತ್ತಾಗಿದೆ. ಕೊಬ್ಬು ಜಾಸ್ತಿ ಇರುವ ಊಟದ ಜೊತೆ ಕುಡಿದರೆ ಮೈಗೆ ಸೇರುವ ಸಿಬಿಡಿ ಬರಿಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟಾಗುತ್ತದೆ. ಮಗುವಿಗೆ ದಿನಾ ಬರಿಹೊಟ್ಟೆಯಲ್ಲಿ ಕುಡಿಸಿ, ಹಬ್ಬದ ದಿನ ತುಪ್ಪ ಸುರಿದ ಹೋಳಿಗೆ ಆದ ಮೇಲೆ ಕುಡಿಸಿದರೆ ಅದು ಒಂದೇ ಡೋಸ್ ಅಲ್ಲ. ವೈದ್ಯರು ಬರೆದು ಕೊಟ್ಟಿದ್ದರೆ ಊಟದ ಜೊತೆಗೋ ಖಾಲಿ ಹೊಟ್ಟೆಗೋ ಅಂತ ಕೇಳಿ, ದಿನಾ ಹಾಗೇ ಕೊಡಬೇಕು.

ಇನ್ನು ನಿಜವಾದ ರೋಗಿಗಳಲ್ಲಿ ಏನಾಯಿತು? ಎಪಿಡಿಯೊಲೆಕ್ಸ್ ಔಷಧಿಯ ಅಧಿಕೃತ ಮಾಹಿತಿ ಪತ್ರದಲ್ಲಿ ಅಡ್ಡ ಪರಿಣಾಮಗಳ ಸಾಲಿನಲ್ಲಿ ನಿದ್ದೆ ಮಂಪರು, ಹಸಿವು ಕಡಿಮೆಯಾಗುವುದು, ಭೇದಿ, ಲಿವರ್ ಕಿಣ್ವ ಏರುವುದು, ಇವುಗಳ ಜೊತೆಗೆ ಸೋಂಕು ಎಂಬ ಹೆಸರೂ ಇದೆ. ಪರೀಕ್ಷೆಗಳಲ್ಲಿ ಸಿಬಿಡಿ ಕುಡಿದ ನೂರರಲ್ಲಿ ಸುಮಾರು 40 ಮಂದಿಗೆ ಯಾವುದಾದರೂ ಸೋಂಕು ತಗುಲಿತ್ತು, ಹುಸಿ ಔಷಧಿಯವರಲ್ಲಿ ಸುಮಾರು 31 ಮಂದಿಗೆ. ದೊಡ್ಡ ಅಂತರವೇನಲ್ಲ. ಮಂಪರಿನಲ್ಲಿ ಎಂಜಲು, ಅನ್ನ ಶ್ವಾಸನಾಳಕ್ಕೆ ಇಳಿದು ಎದೆ ಕಟ್ಟುವುದೂ ಇದಕ್ಕೆ ಒಂದು ಕಾರಣ ಇರಬಹುದು. ಟಿ-ಕೋಶ ತಣ್ಣಗಾದದ್ದೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ. ಆದರೆ "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬ ಜಾಹೀರಾತಿಗೆ ಈ ಅಂಕಿ ಯಾವ ಕಡೆಯಿಂದಲೂ ಹೊಂದುವುದಿಲ್ಲ.

ಚಿತ್ರ ಇಷ್ಟೇ ಸರಳವಾಗಿಯೂ ಇಲ್ಲ. 2022ರ ಜನವರಿಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ತಂಡ ಕೊರೊನಾ ವೈರಸ್ ಹೊಕ್ಕ ಕೋಶಗಳಿಗೆ ಸಿಬಿಡಿ ಹಾಕಿ ನೋಡಿತು. ವೈರಸ್ ಹೆಚ್ಚುವುದು ತಗ್ಗಿತು. ವೈರಸ್ ವಿರುದ್ಧ ಮೈ ತಯಾರಿಸುವ ಇಂಟರ್‌ಫೆರಾನ್ ದಾರಿ ಚುರುಕಾಗಿತ್ತು. ಫಿಟ್ಸಿಗೆ ಸಿಬಿಡಿ ದ್ರಾವಣ ಕುಡಿಯುತ್ತಿದ್ದವರ ದಾಖಲೆ ತೆಗೆದು ನೋಡಿದರೆ ಅವರಲ್ಲಿ ಕೊರೊನಾ ಪಾಸಿಟಿವ್ ಬಂದದ್ದು ಕಡಿಮೆ ಇತ್ತು. ಆದರೆ ಅದು ಹಳೆಯ ದಾಖಲೆಯ ಲೆಕ್ಕ. ಅಂಥ ಮಕ್ಕಳನ್ನು ಮನೆಯವರು ಹೊರಗೆ ಬಿಡದೆ ಕಾಯ್ದಿರಬಹುದು ಅಲ್ವಾ. ಒಂದು ಕೋಶವನ್ನು ತಣ್ಣಗೆ ಮಾಡಿ ಇನ್ನೊಂದನ್ನು ಎಚ್ಚರಿಸುವ ಔಷಧಿ ಇದು. "ಶಕ್ತಿ ಹೆಚ್ಚಿತು", "ಶಕ್ತಿ ಕುಂದಿತು" ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಲು ಬರುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಯಾಕೆಂದರೆ ರೋಗನಿರೋಧಕ ಕೋಶ ಮತ್ತು ಫಿಟ್ಸ್ ನೇರ ಮುಖಾಮುಖಿಯಾಗುವುದು ಇಲ್ಲಿಯೇ. ಭಾರತದಲ್ಲಿ ಫಿಟ್ಸಿಗೆ ಒಂದು ದೊಡ್ಡ ಕಾರಣ ಲಾಡಿಹುಳುವಿನ ಗುಳ್ಳೆ. ವೈದ್ಯರು ನ್ಯೂರೋಸಿಸ್ಟಿಸರ್ಕೋಸಿಸ್ ಅನ್ನುತ್ತಾರೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಮೊಟ್ಟೆ ಹೊರಬರುತ್ತದೆ. ಬಯಲು ಶೌಚ, ಕೊಳಚೆ ನೀರು ಹರಿದ ಕಾಯಿಪಲ್ಯೆ ತೋಟ, ತೊಳೆಯದ ಕೈ, ಹೀಗೆ ಆ ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಅಲ್ಲಿಂದ ರಕ್ತದ ಮೂಲಕ ಮೆದುಳಿಗೆ. ಅದಕ್ಕೇ ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಮನೆಯ ಮಕ್ಕಳಿಗೂ ಇದು ಬರುತ್ತದೆ. "ನಮ್ಮ ಮನ್ಯಾಗ ತತ್ತೀನೂ ತಿನ್ನಂಗಿಲ್ರೀ, ಹುಳ ಹ್ಯಾಂಗ ಬಂತು?" ಎಂಬ ಪ್ರಶ್ನೆಗೆ ಉತ್ತರ ಸೊಪ್ಪಿನ ಕಟ್ಟಿನಲ್ಲಿರುತ್ತದೆ.

ಗುಳ್ಳೆ ಜೀವಂತ ಇರುವಾಗ ಅದು ನಮ್ಮ ರೋಗನಿರೋಧಕ ಕೋಶಗಳಿಗೆ ಮಂಕು ಹಿಡಿಸಿ ಇಟ್ಟಿರುತ್ತದೆ. ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಇರಬಹುದು. ಗುಳ್ಳೆ ಸಾಯಲು ಶುರುವಾದಾಗ ಮಂಕು ಬಿಡುತ್ತದೆ. ಕೋಶಗಳು ಒಮ್ಮೆಲೇ ಮುತ್ತುತ್ತವೆ, ಸುತ್ತಲೂ ಬಾವು ಬರುತ್ತದೆ, ಆಗ ಮೊದಲ ಫಿಟ್ಸ್. ಸಿಟಿ ಸ್ಕ್ಯಾನಿನಲ್ಲಿ ಸಣ್ಣ ಉಂಗುರದ ಹಾಗೆ ಕಾಣುವುದು ಅದೇ. ಹುಳು ಕೊಲ್ಲುವ ಆಲ್ಬೆಂಡಜೋಲ್ ಜೊತೆ ಕೆಲವು ದಿನ ಸ್ಟೆರಾಯ್ಡ್ ಕೊಡುವುದು ಆ ಬಾವನ್ನು ಹಿಡಿತದಲ್ಲಿಡಲು, ಫಿಟ್ಸಿನ ಗುಳಿಗೆ ನರಗಳನ್ನು ಕಾಯಲು. ಇಲ್ಲಿ ರೋಗನಿರೋಧಕ ಕೋಶ ಎಷ್ಟು ಕೆಲಸ ಮಾಡಬೇಕು, ಎಷ್ಟು ಸುಮ್ಮನಿರಬೇಕು ಎಂಬುದು ಬಹಳ ನಾಜೂಕಿನ ಲೆಕ್ಕ. ವೈದ್ಯರು ದಿನ ಎಣಿಸಿ, ತೂಕ ನೋಡಿ ಸ್ಟೆರಾಯ್ಡ್ ಕೊಟ್ಟು ನಿಲ್ಲಿಸುತ್ತಾರೆ. ಅದರ ನಡುವೆ ಯಾರಿಗೂ ಹೇಳದೆ ಸಿಬಿಡಿ ಎಣ್ಣೆ ಸೇರಿಸುವುದು ಆ ಲೆಕ್ಕದಲ್ಲಿ ಕೈ ಹಾಕಿದ ಹಾಗೆ. ಸಿಬಿಡಿಗೆ ಒಪ್ಪಿಗೆ ತಂದುಕೊಟ್ಟ ಪರೀಕ್ಷೆಗಳಲ್ಲಿ ಇದ್ದವರು ಇಂಥ ರೋಗಿಗಳಲ್ಲ.

ಟಿಬಿಯ ಕಥೆಯೂ ಹೀಗೆಯೇ. ಮೆದುಳಿನ ಟಿಬಿ ಗಡ್ಡೆಯಿಂದ ಫಿಟ್ಸ್ ಬರುವವರು ನಮ್ಮಲ್ಲಿ ಇದ್ದಾರೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಗುಳಿಗೆ ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ ಸಿಬಿಡಿಯನ್ನು ಬೇಗ ಕರಗಿಸಿಬಿಡುತ್ತದೆ. ಫಿಟ್ಸಿಗೆ ಅದು ಸಾಲದಾಗುತ್ತದೆ. ಟಿಬಿಯನ್ನು ಅದುಮುವುದು ಟಿ-ಕೋಶಗಳೇ ಎಂಬುದನ್ನೂ ಮರೆಯಬಾರದು. ಟ್ಯೂಬರಸ್ ಸ್ಕ್ಲೀರೋಸಿಸ್ ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಅವರಲ್ಲಿ ಕೆಲವರು ಎವರೋಲಿಮಸ್ ನುಂಗುತ್ತಾರೆ. ಅದು ಮೊದಲೇ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಸಿಬಿಡಿ ಜೊತೆಗೆ ಸೇರಿದರೆ ರಕ್ತದಲ್ಲಿ ಎವರೋಲಿಮಸ್ ಪ್ರಮಾಣ ಬಹಳ ಏರುತ್ತದೆ, ಡೋಸ್ ಇಳಿಸಬೇಕಾಗುತ್ತದೆ.

ಬಾಟಲಿಯ ಲೆಕ್ಕಕ್ಕೆ ಬರೋಣ. 20 ಕಿಲೋ ತೂಕದ ಮಗು ಅಂದುಕೊಳ್ಳಿ. ಆಸ್ಪತ್ರೆಯ ಸಿಬಿಡಿಯನ್ನು ಕಿಲೋಗೆ ದಿನಕ್ಕೆ 5 ಮಿಲಿಗ್ರಾಂನಿಂದ ಶುರು ಮಾಡಿ 10ಕ್ಕೆ ಏರಿಸುತ್ತಾರೆ, ಬೇಕಾದರೆ 20ರವರೆಗೆ. 10 ಅಂದರೂ ದಿನಕ್ಕೆ 200 ಮಿಲಿಗ್ರಾಂ. 30 ಎಂಎಲ್ ಬಾಟಲಿಯ ಮೇಲೆ 1000 ಮಿಲಿಗ್ರಾಂ ಅಂತ ಬರೆದಿದ್ದರೆ ಮೂರು ಹನಿಯಲ್ಲಿ ಸಿಗುವುದು ಸುಮಾರು 5 ಮಿಲಿಗ್ರಾಂ. ನಲವತ್ತರಲ್ಲಿ ಒಂದು ಪಾಲು! ಪೂರ್ತಿ ಡೋಸ್ ಕೊಡಲು ಹೋದರೆ ಬಾಟಲಿ ಐದು ದಿನಕ್ಕೆ ಖಾಲಿ. ಬರೆದದ್ದೆಲ್ಲ ಒಳಗೆ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಅಮೆರಿಕದಲ್ಲಿ ಆನ್‌ಲೈನ್ ಮಾರುವ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಲೇಬಲ್ಲಿಗೆ ಸರಿಹೊಂದಿದ್ದು ಮೂರರಲ್ಲಿ ಒಂದಕ್ಕಿಂತ ಕಡಿಮೆ. 18ರಲ್ಲಿ ನಶೆಯ ಟಿಎಚ್‌ಸಿ ಸಿಕ್ಕಿತು. ಇನ್ನು ಹೆಂಪ್ ಬೀಜದ ಎಣ್ಣೆ ಅಂತ ಮಾರುವುದು ಅಡುಗೆ ಎಣ್ಣೆ. ಅದರಲ್ಲಿ ಸಿಬಿಡಿ ಇಲ್ಲವೆಂದೇ ಹೇಳಬೇಕು.

ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಅನ್ನುವುದು ಹೂವು-ಕಾಯಿಯ ತುದಿಗಳನ್ನು. ಬರೀ ಎಲೆ, ಬೀಜ ಆ ಮಾತಿನ ಹೊರಗೆ ಉಳಿದಿವೆ. ಅದರಿಂದಲೇ ಎಲೆಯ ಸಾರವನ್ನು ವಿಜಯಾ ಎಂಬ ಹೆಸರಿನಲ್ಲಿ ಆಯುರ್ವೇದ ಪರವಾನಗಿಯಡಿ ಮಾರುತ್ತಾರೆ. ಕಾನೂನು ಒಪ್ಪಿದ ಮಾತ್ರಕ್ಕೆ ಆ ಬಾಟಲಿಯ ಮೇಲೆ ಡ್ರಾವೆಟ್ ಮಕ್ಕಳ ಮೇಲೆ ನಡೆದಂಥ ಪರೀಕ್ಷೆ ನಡೆದಿದೆ ಅಂತಲ್ಲ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುವುದು 2020ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದು ಭಕ್ತರ ನಂಬಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತೊಗರಿ ಹೊಲದ ನಡುವೆ ಕದ್ದು ಬೆಳೆದ ಗಾಂಜಾ ಹಿಡಿದ ಸುದ್ದಿಯೂ ನಮ್ಮ ಪತ್ರಿಕೆಗಳಲ್ಲಿ ಹೊಸದಲ್ಲ. ಆದರೆ "ಗಾಂಜಾದಾಗ ಔಷಧ ಐತಂತ" ಅಂತ ಆ ಸೊಪ್ಪಿನ ಕಷಾಯವನ್ನು ಮಗುವಿಗೆ ಕುಡಿಸಬೇಡಿ. ಅದರಲ್ಲಿ ಟಿಎಚ್‌ಸಿಯೇ ಜಾಸ್ತಿ. ಬೆಳೆಯುವ ಮೆದುಳಿಗೆ ಅದು ಪೆಟ್ಟು ಕೊಡುತ್ತದೆ.

ಹೊರರೋಗಿ ಸಾಲಿನಲ್ಲಿ ಕೇಳಿಬರುವ ಇನ್ನೊಂದು ಪ್ರಶ್ನೆ: "ಈ ಎಣ್ಣಿ ಚಾಲೂ ಮಾಡಿದ್ರ ಗುಳಿಗಿ ಬಂದ್ ಮಾಡಬಹುದೇನ್ರೀ, ಡಾಕ್ಟ್ರೇ?" ಬಂದ್ ಮಾಡಬೇಡಿ. ಒಮ್ಮೆಲೇ ಗುಳಿಗೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಹಿಡಿದು ಜೀವಕ್ಕೇ ಕುತ್ತು ಬರುತ್ತದೆ. ಸರಿಯಾದ ಗುಳಿಗೆ ತಪ್ಪದೆ ನುಂಗಿದರೆ ನೂರರಲ್ಲಿ ಸುಮಾರು 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಿ ಸರಿಯಾದ ಡೋಸಿನಲ್ಲಿ ಸೋತ ಮೇಲೆಯೇ ಅದನ್ನು ಔಷಧಿಗೆ ಬಗ್ಗದ ಫಿಟ್ಸ್ ಅನ್ನುವುದು. ಸಿಬಿಡಿ ಮಾತು ಶುರುವಾಗಬೇಕಾದದ್ದು ಅಲ್ಲಿಂದ. ಅದೂ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಆಸ್ಪತ್ರೆಯಿಂದ ಚೀಟಿ ತೆಗೆದುಕೊಂಡು ನಿಮ್ಹಾನ್ಸಿಗೋ ಹೈದರಾಬಾದಿಗೋ ಹೋಗಿ ನರರೋಗ ತಜ್ಞರಿಗೆ ತೋರಿಸಿದ ಮೇಲೆ.

ಹೋಗುವಾಗ ಮಗು ನುಂಗುವ ಎಲ್ಲ ಗುಳಿಗೆಗಳ ಪಟ್ಟಿ ಇಟ್ಟುಕೊಳ್ಳಿ. ವಾಲ್‌ಪ್ರೋಯೇಟ್ ಎಂಬ ಫಿಟ್ಸಿನ ಗುಳಿಗೆ ಇದ್ದರೆ ಸಿಬಿಡಿ ಜೊತೆ ಲಿವರಿಗೆ ಪೆಟ್ಟಾಗುವ ಸಂಭವ ಹೆಚ್ಚು. ಅದಕ್ಕೇ ಶುರು ಮಾಡುವ ಮೊದಲು, ಆಮೇಲೆ ಒಂದು, ಮೂರು, ಆರು ತಿಂಗಳಿಗೆ ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಕ್ಲೋಬಜಾಮ್ ಎಂಬ ಇನ್ನೊಂದು ಫಿಟ್ಸಿನ ಗುಳಿಗೆ ಇದ್ದರೆ ಅದರ ಅಂಶ ಮೈಯಲ್ಲಿ ಏರಿ ಮಗು ದಿನವಿಡೀ ತೂಕಡಿಸುತ್ತದೆ. ಹಳೆಯ ಟಿಬಿ, ಮನೆಯಲ್ಲಿ ಟಿಬಿ ಇದ್ದವರು, ಸ್ಕ್ಯಾನಿನಲ್ಲಿ ಕಂಡ ಗುಳ್ಳೆ, ಪದೇ ಪದೇ ಬರುವ ನಿಮೋನಿಯಾ, ಇವನ್ನೆಲ್ಲ ಅವರು ಕೇಳದಿದ್ದರೂ ನೀವೇ ಹೇಳಿ.

ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಸಿಬಿಡಿ ಕುಡಿಯುವ ಮಕ್ಕಳಲ್ಲಿ ಫಿಟ್ಸ್ ಎಣಿಸುವುದರ ಜೊತೆಗೆ ಬಿಳಿ ರಕ್ತಕಣದ ಬಗೆಗಳನ್ನೂ ಮೊದಲು, ಆಮೇಲೆ ಎಂದು ಎಣಿಸಬೇಕು. ಸೋಂಕುಗಳ ದಾಖಲೆ ಇಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಕಾದ ಭಾಗವೂ ಇದೆ, ಬರೀ ಪೆನ್ನು ಸಾಕಾಗುವ ಭಾಗವೂ ಇದೆ. ಫಿಟ್ಸ್ ಬಂದ ದಿನ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಜ್ವರ, ಕೆಮ್ಮು, ಕಿವಿ ಸೋರಿದ ದಿನಕ್ಕೂ ಬೇರೆ ಬಣ್ಣದ ಗುರುತು ಹಾಕಿ ಇಟ್ಟರೆ, ಮುಂದಿನ ಸಲ ತೋರಿಸಲು ಹೋದಾಗ ವೈದ್ಯರು ಎರಡನ್ನೂ ಪಕ್ಕಪಕ್ಕ ನೋಡಿ ಡೋಸ್ ತೀರ್ಮಾನ ಮಾಡಬಹುದು.